ಇದಕ್ಕೆ ಆಧಾರವೇನು?

ರಾಮಥಾಳದ ಹೆಸರು ಈಚಿನ ವರ್ಷಗಳಲ್ಲಿ ಹನಿ ನೀರಾವರಿಯ ದೊಡ್ಡ ಯೋಜನೆಯೊಂದರಿಂದ ನಾಡಿನ ಹೊರಗೂ ಕೇಳಿಬಂದಿದೆ. ಅದೇ ಹುನಗುಂದ ತಾಲೂಕಿನ ಇನ್ನೊಂದು ಊರಾದ ಐಹೊಳೆಯ ಹೆಸರಾದರೋ ವಿದ್ವಾಂಸರ ಕಿವಿಗೆ ಬಿದ್ದು ನೂರೈವತ್ತು ವರ್ಷಗಳೇ ಕಳೆದಿವೆ. ಅಲ್ಲಿಯ ಮೇಗುತಿ ಗುಡ್ಡದ ಮೇಲಿನ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯೆಂಬ ಕವಿಯು ಶಕ 556ರಲ್ಲಿ, ಎಂದರೆ ಕ್ರಿ. ಶ. 634ರ ಸುಮಾರಿಗೆ, ರಚಿಸಿದ ಸಂಸ್ಕೃತ ಶಾಸನವಿದೆ. ರಾಮಥಾಳದಂತಹ ಊರುಗಳಿಂದ ಹುನಗುಂದಕ್ಕೋ ಇಳಕಲ್ಲಿಗೋ ಬಾಗಲಕೋಟೆಗೋ ಕಾಲೇಜು ಕಲಿಯಲು ಹೋಗುವ ಹುಡುಗ ಹುಡುಗಿಯರಿಗೆ ಅದು ಮನೆಯಂಗಳದ ಕಲ್ಲು. ಆದರೆ ಅವರು ಬರೆದು ಒಪ್ಪಿಸುವ ಪ್ರಬಂಧಗಳನ್ನು ನೋಡಿದರೆ ಆ ಕಲ್ಲಿಗೂ ಅವರಿಗೂ ನಡುವೆ ನೂರಾರು ಹರದಾರಿಗಳ ಅಂತರವಿದೆಯೇನೋ ಎಂದು ತೋರುತ್ತದೆ.

ಪ್ರಬಂಧದ ವಿಷಯವು ಬಾದಾಮಿಯ ಚಾಲುಕ್ಯರು ಎಂದಿದ್ದರೆ ಒಂದು ವಾಕ್ಯ ತಪ್ಪದೆ ಬರುತ್ತದೆ: ಇಮ್ಮಡಿ ಪುಲಕೇಶಿಯು ನರ್ಮದಾ ನದಿಯ ದಡದಲ್ಲಿ ಹರ್ಷವರ್ಧನನನ್ನು ಸೋಲಿಸಿದನು. ಒಬ್ಬನು ಇದಕ್ಕೆ 612 ಎಂದು ಇಸವಿ ಹಾಕುತ್ತಾನೆ. ಇನ್ನೊಬ್ಬಳು 618 ಎನ್ನುತ್ತಾಳೆ. ಮೂರನೆಯವನು 634 ಎಂದು ಬರೆದು ಮುಂದೆ ಸಾಗುತ್ತಾನೆ. ಮೂವರಲ್ಲಿ ಯಾರೂ ಸುಳ್ಳನ್ನು ಹುಟ್ಟಿಸಿಲ್ಲ. ಮೂವರೂ ಎಲ್ಲಿಯೋ ಓದಿದ್ದನ್ನೇ ಬರೆದಿದ್ದಾರೆ. ಇದಕ್ಕೆ ಆಧಾರವೇನು ಎಂದು ಕೇಳಿದರೆ ಪ್ರಬಂಧದ ಕೊನೆಯ ಪುಟವನ್ನು ತೋರಿಸುತ್ತಾರೆ. ಅಲ್ಲಿ ನಾಲ್ಕಾರು ಪುಸ್ತಕಗಳ ಹೆಸರುಗಳೂ, ಅವುಗಳ ಕೆಳಗೆ ‘ಅಂತರ್ಜಾಲ’ ಎಂಬ ಒಂದೇ ಪದವೂ ಇರುತ್ತವೆ. ಅಂತರ್ಜಾಲವೆಂದು ಬರೆಯುವುದೂ ಪುಸ್ತಕಾಲಯವೆಂದು ಬರೆಯುವುದೂ ಒಂದೇ. ಯಾವ ಕಪಾಟು, ಯಾವ ಪುಸ್ತಕ, ಎಷ್ಟನೆಯ ಪುಟ?

ಈ ಒಂದು ವಾಕ್ಯದ ಬೆನ್ನು ಹತ್ತಿ ಹಿಂದಕ್ಕೆ ಹೋಗಿ ನೋಡೋಣ. ಕಾಲೇಜಿನ ಪಠ್ಯಪುಸ್ತಕವನ್ನು ಬರೆದವರು ಅದನ್ನು ಹಿರಿಯ ಇತಿಹಾಸಕಾರರೊಬ್ಬರ ಗ್ರಂಥದಿಂದ ತೆಗೆದುಕೊಂಡಿರುತ್ತಾರೆ. ಆ ಗ್ರಂಥವನ್ನು ತೆರೆದರೆ ಅದೇ ಮಾತಿನ ಪಕ್ಕದಲ್ಲಿ ಇರುವೆಯಷ್ಟು ಚಿಕ್ಕದೊಂದು ಅಂಕಿ ಕಾಣುತ್ತದೆ. ಅದನ್ನು ಅನುಸರಿಸಿ ಪುಟದ ಕೆಳಭಾಗಕ್ಕೆ ಇಳಿದರೆ ಎಪಿಗ್ರಾಫಿಯಾ ಇಂಡಿಕಾ, ಸಂಪುಟ 6, ಪುಟ 1 ಎಂಬ ಅಡಿಟಿಪ್ಪಣಿ ದೊರೆಯುತ್ತದೆ. ಬಹುಮಂದಿ ವಿದ್ಯಾರ್ಥಿಗಳು ಅಡಿಟಿಪ್ಪಣಿಯನ್ನು ಓದುವುದೇ ಇಲ್ಲ; ಅದು ಪಾಂಡಿತ್ಯದ ಅಲಂಕಾರವೆಂದು ತಿಳಿದು ಕಣ್ಣು ಹಾರಿಸಿಬಿಡುತ್ತಾರೆ. ಅದು ಅಲಂಕಾರವಲ್ಲ, ವಿಳಾಸ. ತಾನು ಹೋಗಿ ಬಂದ ಮನೆಗೆ ಮುಂದಿನವನೂ ಹೋಗಿ ಬರಲೆಂದು ಲೇಖಕನು ಬರೆದಿಟ್ಟದ್ದು.

ಆ ವಿಳಾಸ ಹಿಡಿದು ಹೋದರೆ ಐಹೊಳೆಯ ಶಾಸನದ ಪಾಠ ಸಿಗುತ್ತದೆ. ಅದನ್ನು ಸಂಪಾದಿಸಿದವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಬಳಿಕ ಜರ್ಮನಿಯ ಗಾಟಿಂಗೆನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದ ಕೀಲ್‌ಹಾರ್ನರು. ಅವರಿಗಿಂತ ಮುಂಚೆ ಬೊಂಬಾಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟರು ಇದೇ ಶಾಸನವನ್ನು ಇಂಡಿಯನ್ ಆಂಟಿಕ್ವರಿಯ 5ನೆಯ ಸಂಪುಟದಲ್ಲಿ 1876ರಲ್ಲಿಯೂ, ಪುನಃ 8ನೆಯ ಸಂಪುಟದಲ್ಲಿ 1879ರಲ್ಲಿಯೂ ಪ್ರಕಟಿಸಿದ್ದರು. ಒಂದೇ ಕಲ್ಲನ್ನು ಇಪ್ಪತ್ತೈದು ವರ್ಷಗಳೊಳಗೆ ಮೂರು ಸಲ ಓದಿದರು! ಅವಸರದ ಓದುಗನಿಗೆ ಇದು ವ್ಯರ್ಥ ಶ್ರಮವೆನಿಸೀತು. ಆದರೆ ಶಾಸನದ ಓದು ಅಚ್ಚಿನ ಪುಸ್ತಕದ ಓದಿನಂತಲ್ಲ. ಸವೆದ ಒಂದು ಅಕ್ಷರವನ್ನು ಒಬ್ಬರು ಒಂದಾಗಿ, ಇನ್ನೊಬ್ಬರು ಮತ್ತೊಂದಾಗಿ ಕಾಣಬಹುದು. ಒಳ್ಳೆಯ ಪಡಿಯಚ್ಚು ದೊರೆತಾಗ ಮೊದಲಿನ ಓದು ತಿದ್ದುಪಡಿಯಾಗಬಹುದು. ಆದುದರಿಂದ ‘ಫ್ಲೀಟರು ಹೀಗೆ ಹೇಳಿದ್ದಾರೆ’ ಎಂದರೆ ಸಾಲದು. ಯಾವ ವರ್ಷದ ಫ್ಲೀಟರು ಎಂಬುದನ್ನೂ ಹೇಳಬೇಕು. ಕನ್ನಡ ಜಿಲ್ಲೆಗಳ ಅರಸು ಮನೆತನಗಳನ್ನು ಕುರಿತ ಅವರ ಗ್ರಂಥ 1882ರಲ್ಲಿ ಮೊದಲು ಬಂದಿತು. ಅದನ್ನು ಪರಿಷ್ಕರಿಸಿ 1896ರಲ್ಲಿ ಬೊಂಬಾಯಿ ಗ್ಯಾಸೆಟಿಯರಿನ ಭಾಗವಾಗಿ ಮತ್ತೆ ಹೊರತಂದರು. ಎರಡನೆಯದನ್ನು ನೋಡದೆ ಮೊದಲನೆಯದರಿಂದ ಎತ್ತಿಕೊಂಡು ಬರೆಯುವವನು, ಫ್ಲೀಟರೇ ಕೈಬಿಟ್ಟ ಮಾತನ್ನು ಅವರ ಹೆಸರಿನಲ್ಲಿ ಸಾರುವ ಅಪಾಯವಿದೆ.

ಈಗ ಶಾಸನಕ್ಕೇ ಬರೋಣ. ಹತ್ತೊಂಬತ್ತು ಸಾಲುಗಳಲ್ಲಿ ಮೂವತ್ತೇಳು ಪದ್ಯಗಳು. ಪುಲಕೇಶಿಯ ದಿಗ್ವಿಜಯದ ನಡುವೆ ಒಂದು ಪದ್ಯದಲ್ಲಿ ಹರ್ಷನು ಬರುತ್ತಾನೆ: ಯುದ್ಧದಲ್ಲಿ ಅವನ ಆನೆಗಳು ಉರುಳಿದುವೆಂದೂ, ಹರ್ಷನೆಂಬ ಹೆಸರಿನವನ ಹರ್ಷವೇ ಭಯದಿಂದ ಕರಗಿತೆಂದೂ ಕವಿ ಶ್ಲೇಷೆಯಾಡಿದ್ದಾನೆ. ಅದರ ಮುಂದಿನ ಪದ್ಯದಲ್ಲಿ ರೇವಾ ನದಿಯ ಮರಳ ದಿಣ್ಣೆಗಳೂ ವಿಂಧ್ಯದ ತಪ್ಪಲೂ ಕಾಣಿಸಿಕೊಳ್ಳುತ್ತವೆ. ರೇವೆಯೆಂದರೆ ನರ್ಮದೆ. ಆದರೆ ಯುದ್ಧವು ಆ ನದಿಯ ದಡದಲ್ಲಿಯೇ ನಡೆಯಿತೆಂದು ರವಿಕೀರ್ತಿ ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ಎರಡು ಪದ್ಯಗಳ ನೆರೆಹೊರೆಯಿಂದ ಇತಿಹಾಸಕಾರರು ಮಾಡಿದ ಊಹೆ ಅದು. ಸಾಧುವಾದ ಊಹೆಯೇ ಇರಬಹುದು, ಆದರೂ ಊಹೆ. ಯುದ್ಧದ ಇಸವಿಯಂತೂ ಅಲ್ಲಿ ಇಲ್ಲವೇ ಇಲ್ಲ. ಶಾಸನದಲ್ಲಿರುವ ಶಕ 556 ದೇವಾಲಯದ ಕಾಲ, ಯುದ್ಧದ ಕಾಲವಲ್ಲ. 634 ಎಂದು ಬರೆದ ನಮ್ಮ ಮೂರನೆಯ ವಿದ್ಯಾರ್ಥಿಯ ತೊಡಕು ಇಲ್ಲಿಯೇ ಇರಬೇಕು: ಕಥೆ ಹೇಳಿದ ದಿನವನ್ನೇ ಕಥೆ ನಡೆದ ದಿನವೆಂದು ಎಣಿಸಿದನು.

ಇನ್ನು, ರವಿಕೀರ್ತಿಯ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು? ಅವನು ಪುಲಕೇಶಿಯ ಆಶ್ರಯದಲ್ಲಿದ್ದವನು, ಬರೆದದ್ದು ಪ್ರಶಸ್ತಿ. ಒಡೆಯನ ಸೋಲನ್ನು ಹಾಡುವ ಆಸ್ಥಾನಕವಿಯನ್ನು ಯಾರು ಕಂಡಿದ್ದಾರೆ? ಇದೊಂದೇ ಸಾಕ್ಷಿಯಿದ್ದಿದ್ದರೆ ನಾವು ಅನುಮಾನದಿಂದಲೇ ಮಾತನಾಡಬೇಕಾಗಿತ್ತು. ಸುದೈವದಿಂದ ಎದುರು ಪಕ್ಷದ ಸಾಕ್ಷಿಯೊಬ್ಬನು ಸಿಕ್ಕಿದ್ದಾನೆ. ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಹರ್ಷನಿಂದ ಅಪಾರ ಗೌರವ ಪಡೆದವನು, ಅವನನ್ನು ಮನಸಾರೆ ಕೊಂಡಾಡಿದವನು. ಅಂತಹವನೇ ತನ್ನ ಪ್ರವಾಸಕಥನದಲ್ಲಿ, ಹರ್ಷನು ಐದು ಇಂಡಿಯಗಳ ಸೈನ್ಯವನ್ನು ಕೂಡಿಸಿ ತಾನೇ ಮುಂದಾಳಾಗಿ ಹೊರಟರೂ ಮಹಾರಾಷ್ಟ್ರದ ಈ ಅರಸನನ್ನು ಅಧೀನ ಮಾಡಿಕೊಳ್ಳಲಾಗಲಿಲ್ಲವೆಂಬ ಅರ್ಥದ ಮಾತನ್ನು ಬರೆದಿಟ್ಟಿದ್ದಾನೆ. ಮಿತ್ರನ ವೈಫಲ್ಯವನ್ನು ಒಪ್ಪಿಕೊಳ್ಳುವ ಸಾಕ್ಷಿಗೆ ಕೋರ್ಟಿನಲ್ಲಿಯೂ ಬೆಲೆ ಹೆಚ್ಚು. ಹರ್ಷನ ಚರಿತ್ರೆಯನ್ನೇ ಬರೆಯ ಹೊರಟ ಬಾಣನು ಈ ಪ್ರಸಂಗದವರೆಗೆ ಬರುವುದೇ ಇಲ್ಲ.

ಹಾಗಿದ್ದರೂ ಎರಡು ಸಾಕ್ಷಿಗಳ ನಡುವಿನ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಯಾತ್ರಿಕನು ಹೇಳುವುದು ‘ಗೆಲ್ಲಲಾಗಲಿಲ್ಲ’ ಎಂದು. ಕವಿ ಹೇಳುವುದು ‘ಭೀತನಾದನು’ ಎಂದು. ನಮ್ಮ ಪಠ್ಯಪುಸ್ತಕಗಳು ಈ ಎರಡನ್ನೂ ಒಂದುಗೂಡಿಸಿ ‘ಸೋಲಿಸಿದನು’ ಎಂಬ ಒಂದು ಕ್ರಿಯಾಪದವನ್ನಾಗಿ ಮಾಡಿವೆ. ಹರ್ಷನ ದಕ್ಷಿಣದ ದಂಡಯಾತ್ರೆ ನಿಂತುಹೋಯಿತೆಂಬಷ್ಟು ಮಾತಿಗೆ ಇಬ್ಬರೂ ಸಾಕ್ಷಿ. ಅದಕ್ಕಿಂತ ಮುಂದೆ ಒಂದು ಹೆಜ್ಜೆ ಇಟ್ಟರೂ ಯಾರ ಮಾತಿನ ಬಲದ ಮೇಲೆ ಇಡುತ್ತಿದ್ದೇವೆಂಬುದನ್ನು ಹೇಳಿಯೇ ಇಡಬೇಕು.

ಇಸವಿಯ ಕಥೆ ಇನ್ನೂ ಸ್ವಾರಸ್ಯವಾದುದು. 612–13ರ ಹೈದರಾಬಾದು ತಾಮ್ರಪಟದಲ್ಲಿ ಪುಲಕೇಶಿಯು ಎದುರಾಳಿ ಅರಸನನ್ನು ಗೆದ್ದು ಪರಮೇಶ್ವರನೆಂಬ ಎರಡನೆಯ ಹೆಸರನ್ನು ಪಡೆದನೆಂಬ ಮಾತು ಬರುತ್ತದೆ. ಆ ಅರಸನು ಯಾರೆಂದು ತಾಮ್ರಪಟ ಹೇಳುವುದಿಲ್ಲ. ಅವನು ಹರ್ಷನೆಂದು ಹೇಳುವುದು ಮುಂದಿನ ಚಾಲುಕ್ಯ ಅರಸರ ದಾನಪತ್ರಗಳು. ಇವೆರಡನ್ನೂ ಜೋಡಿಸಿದವರು ಯುದ್ಧವನ್ನು 612ಕ್ಕೆ ಮುಂಚೆ ಇಟ್ಟರು. ಪ್ರಸಿದ್ಧ ವಿದ್ವಾಂಸರಾದ ಅ. ಸ. ಅಳತೇಕರರು ಇದನ್ನು ಒಪ್ಪಲಿಲ್ಲ. 630ರ ಲೋಹನೇರ ತಾಮ್ರಪಟದಲ್ಲಿ ಹರ್ಷನ ಸುದ್ದಿಯೇ ಇಲ್ಲ, 634ರ ಐಹೊಳೆಯಲ್ಲಿದೆ. ಆದುದರಿಂದ ಯುದ್ಧ ಇವೆರಡರ ನಡುವೆ ನಡೆದಿರಬೇಕೆಂದರು. ತರ್ಕ ನಯವಾಗಿದೆ. ಆದರೆ ಅದು ಮೌನದ ಮೇಲೆ ಕಟ್ಟಿದ ಮನೆ. ತಾಮ್ರಪಟವೊಂದು ಒಂದು ಸಂಗತಿಯನ್ನು ಹೇಳದೆ ಇರಲು ನೂರು ಕಾರಣಗಳಿರಬಹುದು. ಆ ಸಂಗತಿ ನಡೆದಿರಲಿಲ್ಲವೆಂಬುದು ಅವುಗಳಲ್ಲಿ ಒಂದು ಮಾತ್ರ.

ಆ ಮನೆ ಅಲುಗಿದ್ದು 2016ರ ಹೊತ್ತಿಗೆ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಸ್ಥೆಯ ಶ್ರೀನಂದ ಬಾಪಟ ಮತ್ತು ಪ್ರದೀಪ ಸೋಹೊನಿಯವರು ಪುಲಕೇಶಿಯ ಮತ್ತೊಂದು ತಾಮ್ರಪಟವನ್ನು ಓದಿದರು. ಅದರ ಕಾಲ 619ರ ಏಪ್ರಿಲ್. ಹರ್ಷನ ಮೇಲಿನ ವಿಜಯದ ಮಾತು ಅದರಲ್ಲಿ ಇದೆಯೆಂದೂ, ಯುದ್ಧವು 618–19ರ ಚಳಿಗಾಲದಲ್ಲಿ ನಡೆದಿರಬೇಕೆಂದೂ ಅವರು ವಾದಿಸಿದರು. 619ರಲ್ಲಿಯೇ ಹೇಳಿದ ಗೆಲುವು 630ರ ಬಳಿಕ ನಡೆದಿರಲು ಸಾಧ್ಯವಿಲ್ಲವಷ್ಟೆ. ಈಗ ನಮ್ಮ ಮೂವರು ವಿದ್ಯಾರ್ಥಿಗಳನ್ನು ಮತ್ತೊಮ್ಮೆ ನೋಡಿರಿ. 612, 618, 634: ಒಂದೊಂದು ಇಸವಿಯ ಹಿಂದೆಯೂ ಒಂದೊಂದು ಕಾಲದ ವಿದ್ವತ್ತು ನಿಂತಿದೆ, ಒಂದರ ಹಿಂದೆ ಮಾತ್ರ ಓದಿನ ಗೊಂದಲ. ಯಾವ ಪುಸ್ತಕ, ಯಾವ ವರ್ಷದ್ದು ಎಂದು ಅವರು ಬರೆದಿದ್ದರೆ ಅಧ್ಯಾಪಕರು ಒಂದು ನೋಟದಲ್ಲಿಯೇ ಇದನ್ನು ತಿಳಿಯಬಹುದಾಗಿತ್ತು. ಬರೆಯದೆ ಹೋದುದರಿಂದ ಮೂರು ಇಸವಿಗಳೂ ಬರಿಯ ಅಂಕಿಗಳಾದುವು, ಸರಿ ಯಾವುದು ತಪ್ಪು ಯಾವುದು ಎಂಬ ನಿರ್ಣಯ ಗೈಡಿನ ಪಾಲಾಯಿತು.

ಹಳೆಯ ಪುಸ್ತಕಗಳನ್ನು ಬಳಸುವಾಗ ಇಂತಹದೇ ಎಚ್ಚರ ಬೇಕೆಂಬುದಕ್ಕೆ ಬಾದಾಮಿಯ ಕೋಟೆಯ ಬಂಡೆಯೇ ಇನ್ನೊಂದು ನಿದರ್ಶನ. ಮೊದಲನೆಯ ಪುಲಕೇಶಿಯು ಆ ಗುಡ್ಡವನ್ನು ದುರ್ಗವನ್ನಾಗಿ ಮಾಡಿದನೆಂದು ಹೇಳುವ ಶಕ 465ರ, ಎಂದರೆ 543ರ, ಶಾಸನವನ್ನು ಆರ್. ಎಸ್. ಪಂಚಮುಖಿಯವರು 1941ರಲ್ಲಿ ಬೆಳಕಿಗೆ ತಂದರು. ಅದಕ್ಕಿಂತ ಮುಂಚೆ ಅಚ್ಚಾದ ಗ್ರಂಥ ಎಷ್ಟೇ ಘನವಾದುದಾಗಿದ್ದರೂ ಆ ಬಂಡೆಯ ಮಾತು ಅದರಲ್ಲಿ ಇರಲಾರದು. ಗ್ರಂಥಕರ್ತನ ಯೋಗ್ಯತೆಗೆ ಇದರಿಂದ ಕುಂದಿಲ್ಲ. ಓದುಗನು ಮಾತ್ರ ಪುಸ್ತಕದ ಒಳಪುಟ ತೆರೆದು ಮುದ್ರಣದ ವರ್ಷವನ್ನು ನೋಡಬೇಕು. ಕಪ್ಪೆ ಅರಭಟ್ಟನ ಬಾದಾಮಿ ಶಾಸನದ ಸಂಗತಿಯೂ ಹೀಗೆಯೇ. ತ್ರಿಪದಿಯ ಚೆಲುವಿಗೆ ಹೆಸರಾದ ಈ ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲ. ಲಿಪಿಯ ರೂಪವನ್ನು ನೋಡಿ ಬಲ್ಲವರು ‘ಸು. 700’ ಎಂದರು. ಪ್ರಬಂಧದಿಂದ ಪ್ರಬಂಧಕ್ಕೆ ಸಾಗುವಾಗ ಆ ‘ಸು.’ ಎಂಬ ಪುಟ್ಟ ಅಕ್ಷರ ದಾರಿಯಲ್ಲಿ ಉದುರಿಹೋಗಿ ‘ಕ್ರಿ. ಶ. 700ರಲ್ಲಿ ಕೆತ್ತಿಸಲಾಯಿತು’ ಎಂಬ ಘಂಟಾಘೋಷವಾಗುತ್ತದೆ. ಒಂದು ಅಕ್ಷರ ಬಿದ್ದರೆ ಒಂದು ಸುಳ್ಳು ಹುಟ್ಟಿತು.

ಆಧಾರವೊಂದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದೇ ಅಪೂರ್ಣ ಪ್ರಶ್ನೆ. ಯಾವ ಸಂಗತಿಗೆ ಒಳ್ಳೆಯದು ಎಂದು ಕೇಳಬೇಕು. ರವಿಕೀರ್ತಿ ತನ್ನನ್ನು ಕಾಳಿದಾಸ ಭಾರವಿಯರ ಕೀರ್ತಿಗೆ ಸರಿಗಟ್ಟಿದವನೆಂದು ಹೇಳಿಕೊಂಡಿದ್ದಾನೆ. ಅವನ ಕಾವ್ಯದ ಯೋಗ್ಯತೆಗೆ ಈ ಮಾತು ಪ್ರಮಾಣವಲ್ಲ. ಯಾವ ಕವಿ ತನ್ನನ್ನು ಸಣ್ಣವನೆಂದುಕೊಂಡಾನು? ಆದರೆ 634ರ ಹೊತ್ತಿಗೆ ಆ ಇಬ್ಬರು ಕವಿಗಳ ಕೀರ್ತಿ ಮಲಪ್ರಭೆಯ ದಡದವರೆಗೆ ಹಬ್ಬಿತ್ತೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪ್ರಮಾಣ ಬೇಕಿಲ್ಲ. ಅದೇ ಶಾಸನ ಭಾರತಯುದ್ಧವಾಗಿ 3735 ವರ್ಷಗಳಾದುವೆಂದೂ ಎಣಿಸುತ್ತದೆ. ಇದನ್ನು ಹಿಡಿದು ಕುರುಕ್ಷೇತ್ರದ ಇಸವಿಯನ್ನು ಸಾಧಿಸಿಬಿಟ್ಟೆವೆನ್ನುವವರು ಇದ್ದಾರೆ. ಏಳನೆಯ ಶತಮಾನದವರು ಹಾಗೆ ಎಣಿಸುತ್ತಿದ್ದರೆಂಬುದಕ್ಕೆ ಕಲ್ಲು ಸಾಕ್ಷಿ. ಮೂರೂವರೆ ಸಾವಿರ ವರ್ಷಗಳ ಹಿಂದೆ ನಡೆದುದಕ್ಕೆ ಅದು ಹೇಗೆ ಸಾಕ್ಷಿಯಾದೀತು? ಒಂದೇ ಕಲ್ಲು, ಒಂದು ಪ್ರಶ್ನೆಗೆ ಪ್ರಮಾಣ, ಇನ್ನೊಂದಕ್ಕೆ ಅಲ್ಲ.

ವಿದ್ವಾಂಸರ ಹೆಸರಿನ ಭಾರದಿಂದಲೇ ಬದುಕುವ ಮಾತುಗಳೂ ಇವೆ. ಅಜಂತಾದ ಒಂದನೆಯ ಗುಹೆಯ ಚಿತ್ರವೊಂದರಲ್ಲಿ ಪುಲಕೇಶಿಯ ಆಸ್ಥಾನಕ್ಕೆ ಪಾರಸಿಕ ದೊರೆ ಎರಡನೆಯ ಖುಸ್ರುವಿನ ರಾಯಭಾರಿಗಳು ಬಂದಿರುವುದನ್ನು ತೋರಿಸಿದೆಯೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಈ ಗುರುತನ್ನು ಪ್ರಚಾರಕ್ಕೆ ತಂದವರು ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ನರು, 1879ರಲ್ಲಿ. ಆ ಮೇಲೆ ಅಜಂತಾವನ್ನು ಕುರಿತು ಬಾಳುದ್ದಕ್ಕೂ ದುಡಿದ ವಾಲ್ಟರ್ ಸ್ಪಿಂಕರು ಆ ಗುಹೆಯನ್ನು ವಾಕಾಟಕ ಹರಿಷೇಣನ ಕಾಲಕ್ಕೆ, ಎಂದರೆ ಐದನೆಯ ಶತಮಾನದ ಉತ್ತರಾರ್ಧಕ್ಕೆ, ಸೇರಿಸಿದರು. ಜರ್ಮನ್ ವಿದ್ವಾಂಸ ಶ್ಲಿಂಗ್ಲಾಫರು ಆ ಚಿತ್ರದಲ್ಲಿ ಬೌದ್ಧ ಕಥೆಯನ್ನು ಕಂಡರು. ಐದನೆಯ ಶತಮಾನದ ಗೋಡೆಯ ಮೇಲೆ ಏಳನೆಯ ಶತಮಾನದ ಅರಸನು ಕುಳಿತಿರಲಾರನು. ಇಮ್ಮಡಿ ಪುಲಕೇಶಿಯ ಅಭಿಮಾನಿಗಳಾದ ನಮಗೆ ಇದು ಸ್ವಲ್ಪ ಕಹಿಯಾದೀತು. ಆದರೂ ಪ್ರಬಂಧ ಬರೆಯುವವನು ಫರ್ಗುಸನ್ನರ ಮಾತನ್ನು ಅವರ ಮಾತೆಂದೇ ಬರೆದು, ಮುಂದಿನವರ ಆಕ್ಷೇಪವನ್ನೂ ಅದರ ಪಕ್ಕದಲ್ಲಿ ಇಡಬೇಕು. ಮನಸ್ಸಿಗೆ ಪ್ರಿಯವಾದ ಸಂಗತಿಗೆ ಆಧಾರವನ್ನು ಎರಡು ಸಲ ಕೇಳುವುದು ಕ್ಷೇಮ.

ಇಷ್ಟೆಲ್ಲ ಓದುವುದಕ್ಕೆ ಗ್ರಂಥಗಳು ಬೇಕಲ್ಲ, ಹುನಗುಂದದಲ್ಲಿ ಎಲ್ಲಿ ಸಿಗಬೇಕು ಎಂದು ವಿದ್ಯಾರ್ಥಿಗಳು ಕೇಳಬಹುದು. ಒಂದು ತಲೆಮಾರಿನ ಹಿಂದೆ ಇದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಬಸ್ಸು ಹತ್ತಬೇಕಾಗಿತ್ತು. ಈಗ ಎಪಿಗ್ರಾಫಿಯಾ ಇಂಡಿಕಾದ ಹಳೆಯ ಸಂಪುಟಗಳೂ ಇಂಡಿಯನ್ ಆಂಟಿಕ್ವರಿಯೂ ಇಂಟರ್ನೆಟ್ ಆರ್ಕೈವಿನಲ್ಲಿ ಕಾಸಿಲ್ಲದೆ ದೊರೆಯುತ್ತವೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಶೋಧಗಂಗಾ ಭಂಡಾರದಲ್ಲಿವೆ. ತೊಡಕಿರುವುದು ಹುಡುಕುವ ಬಗೆಯಲ್ಲಿ. ಬಾಗಲಕೋಟೆ ಎಂಬ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕಿಂತ ಮುಂಚಿನ ಪುಸ್ತಕಗಳಲ್ಲಿ ಈ ಊರುಗಳೆಲ್ಲ ವಿಜಾಪುರ ಜಿಲ್ಲೆಯಲ್ಲಿವೆ. ಅದಕ್ಕೂ ಹಿಂದೆ, ಫ್ಲೀಟರು ಬರೆಯತೊಡಗಿದ ಕಾಲದಲ್ಲಿ, ಕಲಾದಗಿ ಜಿಲ್ಲೆಯಲ್ಲಿ. ಹುನಗುಂದವನ್ನು ಶಾಸನಗಳಲ್ಲಿ ಹುಡುಕುವವನು ಪೊನ್ನುಗುಂದವನ್ನೂ ಐಹೊಳೆಯನ್ನು ಹುಡುಕುವವನು ಅಯ್ಯಾವೊಳೆಯನ್ನೂ ಪಟ್ಟದಕಲ್ಲನ್ನು ಹುಡುಕುವವನು ಕಿಸುವೊಳಲನ್ನೂ ನೆನೆಯಬೇಕು. ರಾಮಥಾಳವನ್ನೇ ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯುತ್ತಾರೆ. ಒಂದೇ ಬಗೆಯಾಗಿ ಹುಡುಕಿ ‘ಏನೂ ಸಿಗಲಿಲ್ಲ’ ಎಂದು ಎದ್ದು ಬರುವುದು ಸರಿಯಲ್ಲ.

ಇನ್ನೊಂದು ಮಾತು. ಶಾಸನಗಳೆಂದರೆ ರೈಸರ ಎಪಿಗ್ರಾಫಿಯಾ ಕರ್ನಾಟಿಕಾ ಎಂದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆ ಮಹಾಗ್ರಂಥಮಾಲೆಯು ಹಳೆಯ ಮೈಸೂರು ಸೀಮೆಗೂ ಕೊಡಗಿಗೂ ಸೇರಿದುದು. ಹುನಗುಂದದ ಹುಡುಗ ಅದನ್ನು ಎಷ್ಟು ತಿರುವಿದರೂ ತನ್ನ ಊರು ಕಾಣಿಸದು. ಅವನು ನೋಡಬೇಕಾದದ್ದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯಲ್ಲಿ ಬೊಂಬಾಯಿ ಕರ್ನಾಟಕದ ಶಾಸನಗಳಿಗೆ ಮೀಸಲಾದ 11, 15, 18 ಮತ್ತು 20ನೆಯ ಸಂಪುಟಗಳನ್ನು, ಧಾರವಾಡದ ಸಂಸ್ಥೆಯ ಪ್ರಕಟಣೆಗಳನ್ನು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳನ್ನು.

ಸಿಕ್ಕಿದ್ದೆಲ್ಲವೂ ವಿದ್ವತ್ತಲ್ಲ. ಹಣ ಕೊಟ್ಟರೆ ಏನನ್ನಾದರೂ ಅಚ್ಚುಹಾಕಿ ‘ಅಂತರರಾಷ್ಟ್ರೀಯ ಸಂಶೋಧನ ಪತ್ರಿಕೆ’ಯೆಂದು ಹಣೆಪಟ್ಟಿ ಕಟ್ಟುವ ಉದ್ಯಮ ಬೆಳೆದಿದೆ. ಒಳ್ಳೆಯ ಪತ್ರಿಕೆಗಳನ್ನು ಆರಿಸಿಕೊಡಲೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ ‘ಕೇರ್’ ಎಂಬ ಪಟ್ಟಿಯೊಂದನ್ನು ತಂದಿತು. 2025ರಲ್ಲಿ ಅದನ್ನು ಕೈಬಿಟ್ಟಿತು. ವಿವೇಚನೆಯ ಹೊರೆ ಪುನಃ ಅಧ್ಯಾಪಕರ ಹೆಗಲಿಗೇ ಬಂದಿದೆ. ಕೃತಿಚೌರ್ಯವನ್ನು ತಡೆಯಲು 2018ರ ನಿಯಮಗಳಿವೆ. ನೂರಕ್ಕೆ ಹತ್ತರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಇದರಿಂದ ವಿದ್ಯಾರ್ಥಿಗಳು ಕಲಿತದ್ದು ಬೇರೆಯೇ: ಪದಗಳನ್ನು ಹಿಂದುಮುಂದು ಮಾಡಿ ಯಂತ್ರದ ಕಣ್ಣು ತಪ್ಪಿಸುವ ಉಪಾಯ. ಯಂತ್ರವು ಪದ ಹೋಲುತ್ತದೆಯೇ ಎಂದು ನೋಡೀತೇ ಹೊರತು ಮಾತು ನಿಜವೇ ಎಂದು ನೋಡಲಾರದು. ಈಗಂತೂ ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ. ಅವು ಲೇಖಕ, ಸಂಪುಟ, ಪುಟಗಳ ಸಹಿತ ಇಲ್ಲದ ಲೇಖನವನ್ನು ಇದ್ದಂತೆ ಉಲ್ಲೇಖಿಸಬಲ್ಲವು. ವಿಳಾಸವೇನೋ ಅಚ್ಚುಕಟ್ಟಾಗಿರುತ್ತದೆ, ಹೋಗಿ ನೋಡಿದರೆ ಆ ಬೀದಿಯಲ್ಲಿ ಮನೆಯೇ ಇಲ್ಲ. ಪುಸ್ತಕ ತೆರೆದು ಆ ಪುಟವನ್ನು ಕಣ್ಣಾರೆ ಕಾಣದೆ ಅಡಿಟಿಪ್ಪಣಿ ಬರೆಯಬಾರದೆಂಬ ಹಳೆಯ ಕಟ್ಟಳೆ ಇಂದು ಹಿಂದೆಂದಿಗಿಂತಲೂ ಪ್ರಸ್ತುತವಾಗಿದೆ.

ಕಾಣದಿದ್ದರೆ ಏನು ಮಾಡಬೇಕು? ಕಂಡಷ್ಟನ್ನು ಹೇಳಬೇಕು. ಅಳತೇಕರರ ವಾದವನ್ನು ಬೇರೊಬ್ಬರ ಪುಸ್ತಕದಲ್ಲಿ ಓದಿದ್ದರೆ ಆ ಪುಸ್ತಕದ ಹೆಸರು, ಮುದ್ರಣ, ಪುಟ ಬರೆದು, ‘ಇಲ್ಲಿ ಉಲ್ಲೇಖಿತ’ ಎಂದು ಸೇರಿಸಿದರೆ ಸಾಕು. ಅದರಲ್ಲಿ ಅವಮಾನವೇನೂ ಇಲ್ಲ. ಕನ್ನಡದಲ್ಲಿ ಆಧಾರ ಬರೆಯುವವರಿಗೆ ನಮ್ಮದೇ ಆದ ಕೆಲವು ಇಕ್ಕಟ್ಟುಗಳೂ ಇವೆ. ಇಂಗ್ಲಿಷಿನ ಮಾದರಿ ಮನೆತನದ ಹೆಸರನ್ನು ಮುಂದಿಡು ಎನ್ನುತ್ತದೆ. ಪಂಚಮುಖಿ, ಆರ್. ಎಸ್. ಎಂದು ಬರೆಯುವುದು ಸುಲಭ. ಆದರೆ ಕುವೆಂಪು ಎಂಬುದನ್ನು ಹೇಗೆ ಮುರಿಯುವುದು? ತೀ. ನಂ. ಶ್ರೀ. ಯವರನ್ನು ‘ತೀ’ಯಲ್ಲಿ ಇಡಬೇಕೋ ಶ್ರೀಕಂಠಯ್ಯನವರೆಂದು ‘ಶ್ರೀ’ಯಲ್ಲಿ ಇಡಬೇಕೋ? ಒಂದು ಗ್ರಂಥಾಲಯ ಒಂದು ಬಗೆ, ಇನ್ನೊಂದು ಇನ್ನೊಂದು ಬಗೆ. ನನ್ನ ಮಟ್ಟಿಗೆ, ಯಾವ ಪದ್ಧತಿಯಾದರೂ ಆಗಲಿ, ಪ್ರಬಂಧದ ಉದ್ದಕ್ಕೂ ಅದೊಂದನ್ನೇ ಅನುಸರಿಸಿದರೆ ಸಾಕು. ಅಲ್ಪವಿರಾಮ ಎಲ್ಲಿ ಬೀಳಬೇಕೆಂದು ಒಂದು ತಾಸು ಪಾಠ ಹೇಳಿ, ಆಧಾರವನ್ನು ತೂಗುವುದು ಹೇಗೆಂಬುದನ್ನು ಬಿಟ್ಟುಬಿಡುವ ಬೋಧನೆ ನನಗೆ ಹಿಡಿಸದು. ಹಸ್ತಪ್ರತಿಗಳ ಪಾಠವನ್ನು ತೂಗುವ ವಿದ್ಯೆಯನ್ನು ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ, ಸಂಶೋಧನೆಯ ಶಿಸ್ತನ್ನು ಎಂ. ಎಂ. ಕಲಬುರ್ಗಿಯವರು ‘ಕನ್ನಡ ಸಂಶೋಧನ ಶಾಸ್ತ್ರ’ದಲ್ಲಿ ಕನ್ನಡದಲ್ಲಿಯೇ ಹೇಳಿಕೊಟ್ಟಿದ್ದಾರೆ. ಇವನ್ನು ಬಿ.ಎ. ತರಗತಿಯಲ್ಲಿಯೇ ಕೈಗಿತ್ತರೆ ತಪ್ಪೇನು?

ಇತಿಹಾಸದವರಿಗಷ್ಟೇ ಈ ಮಾತು ಅನ್ವಯಿಸುತ್ತದೆಂದು ತಿಳಿಯಬಾರದು. ಅರ್ಥಶಾಸ್ತ್ರ ಓದುವ ರಾಮಥಾಳದ ಹುಡುಗಿ ತನ್ನೂರ ಹನಿ ನೀರಾವರಿಯನ್ನೇ ವಿಷಯವಾಗಿ ಆರಿಸಿಕೊಂಡಳೆನ್ನಿ. ಸುಮಾರು 24 ಸಾವಿರ ಹೆಕ್ಟೇರಿನ ಯೋಜನೆ. ಕೃಷ್ಣಾ ಭಾಗ್ಯ ಜಲ ನಿಗಮದ್ದು. ಕೊಳವೆ ಹಾಸುವ ಕೆಲಸ ಖಾಸಗಿ ಕಂಪನಿಗಳದು. ಏಷ್ಯಾದಲ್ಲಿಯೇ ದೊಡ್ಡದು, ಜಗತ್ತಿನಲ್ಲಿಯೇ ದೊಡ್ಡದು ಎಂಬ ಮಾತುಗಳು ಅವಳಿಗೆ ಹೇರಳವಾಗಿ ಸಿಗುತ್ತವೆ. ಅವುಗಳಲ್ಲಿ ಎಷ್ಟು ಮಾತು ಕೆಲಸ ಮಾಡಿದವರೇ ತಮ್ಮ ಕೆಲಸವನ್ನು ಕುರಿತು ಆಡಿದವು? ಅವೂ ಒಂದು ಬಗೆಯ ಪ್ರಶಸ್ತಿಗಳೇ ಅಲ್ಲವೇ? ಎಷ್ಟು ಹೊಲಕ್ಕೆ ಕೊಳವೆ ಹಾಸಿದೆ ಎಂಬುದಕ್ಕೆ ನಿಗಮದ ಕಡತ ಆಧಾರವಾದೀತು. ಎಷ್ಟು ಹೊಲದಲ್ಲಿ ನೀರು ಹನಿಯುತ್ತಿದೆ ಎಂಬುದಕ್ಕೆ ರೈತನ ಮಾತೂ ಅವಳ ಕಣ್ಣೂ ಬೇಕು. ಯಾರನ್ನು ಯಾವ ದಿನ, ಯಾವ ಹಂಗಾಮಿನಲ್ಲಿ ಕೇಳಿದಳೆಂದು ಬರೆದಿಟ್ಟರೆ ಅವಳ ಟಿಪ್ಪಣಿಯೇ ಮುಂದಿನವರಿಗೆ ಆಕರ. ಅಪ್ಪನ ಹೊಲದ ಅನುಭವವನ್ನು ಅದು ಮನೆಯ ಮಾತೆಂದು ಬಿಡಬೇಕಾಗಿಲ್ಲ, ಊರಿಗೆಲ್ಲ ಅದೇ ಸತ್ಯವೆಂದು ಹಿಗ್ಗಿಸಬೇಕಾಗಿಯೂ ಇಲ್ಲ.

ಈ ಸೀಮೆಯಲ್ಲಿ ಇನ್ನೂ ಯಾವ ಸಂಪುಟಕ್ಕೂ ಸೇರದ ಕಲ್ಲುಗಳಿರಬಹುದು. ಹೊಲದ ಬದುವಿನಲ್ಲಿ ಒರಗಿದ ವೀರಗಲ್ಲು, ಹನುಮಪ್ಪನ ಗುಡಿಯ ಮೆಟ್ಟಿಲಾದ ಹಲಗೆ, ಬಾವಿಯ ಕಟ್ಟೆಯಲ್ಲಿ ತಲೆಕೆಳಗಾಗಿ ಕೂತ ಬರವಣಿಗೆ. ಅಂತಹದು ಕಣ್ಣಿಗೆ ಬಿದ್ದರೆ ಸುಣ್ಣ ಬಳಿಯದೆ, ಮೊಳೆಯಿಂದ ಗೀರದೆ, ಊರು, ಹೊಲದ ಸರ್ವೇ ನಂಬರು, ಕಲ್ಲು ಮುಖ ಮಾಡಿದ ದಿಕ್ಕು, ಉದ್ದಗಲ, ಸಾಲುಗಳ ಸಂಖ್ಯೆ, ಕಂಡ ದಿನ ಇಷ್ಟನ್ನು ಬರೆದು, ಇಳಿಬಿಸಿಲಿನಲ್ಲಿ ಓರೆ ಬೆಳಕು ಬೀಳುವಾಗ ಒಂದು ಚಿತ್ರ ತೆಗೆಯಬೇಕು. ಓದಲು ಬಾರದ ಅಕ್ಷರವನ್ನು ಊಹಿಸದೆ ಅಲ್ಲಿ ಚುಕ್ಕೆ ಇಡಬೇಕು. ಚಿತ್ರವನ್ನೂ ಟಿಪ್ಪಣಿಯನ್ನೂ ಕಾಲೇಜಿನ ಇತಿಹಾಸ ವಿಭಾಗದಲ್ಲಿ ಒಂದು ಪ್ರತಿ, ಪುರಾತತ್ತ್ವ ಇಲಾಖೆಗೆ ಒಂದು ಪ್ರತಿ ಕೊಟ್ಟಿರಬೇಕು. ಹೊಲ ಸಮ ಮಾಡುವ ಯಂತ್ರ ಬಂದು ಹೋದ ಮರುದಿನ ಆ ಕಲ್ಲು ಅಲ್ಲಿ ಇಲ್ಲದೆ ಹೋದರೆ, ಅಲ್ಲಿ ಇತ್ತೆಂಬುದಕ್ಕೆ ಆ ಹಾಳೆಯೊಂದೇ ಉಳಿದಿರುತ್ತದೆ.